ಕೆಟ್ಟ ಎರಕ, ಹೊಸ ನಿಲುವು: ರೆಸಿನ್ ಗೊಂಬೆ ಕಿಟ್ ಒಂದರ ದುರಸ್ತಿ, ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಕಿಟ್ 1/6 ಅಳತೆಯದು, ಪಾಲಿಯುರೆಥೇನ್ ರೆಸಿನ್‌ನಲ್ಲಿ ಎರಕ ಹೊಯ್ದದ್ದು. ಈಟಿ ಹಿಡಿದು ನಿಂತ ಯೋಧೆ. ನೆತ್ತಿಯಿಂದ ಅಂಗಾಲಿಗೆ 28 ಸೆಂ.ಮೀ. ಬಿಡಿಭಾಗಗಳು 16: ತಲೆ, ಮುಂಗೂದಲು, ಹಿಂಗೂದಲು, ಎದೆಭಾಗ, ಸೊಂಟ, ಎರಡು ಕಾಲು, ಎರಡು ತೋಳು, ಎರಡು ಕೈ, ಎರಡು ತುಂಡಾಗಿ ಬಂದ ಮೇಲುಹೊದಿಕೆ, ಈಟಿಯ ಕೋಲು, ಈಟಿಯ ಮೊನೆ, ಪೀಠ. ಮೂಲ ವಿನ್ಯಾಸದಲ್ಲಿ ಎಡಗೈ ಸೊಂಟದ ಮೇಲಿದೆ. ಬಲಗೈ ಮುಂದೆ ಚಾಚಿ, ಬೆರಳುಗಳನ್ನು ಅರೆತೆರೆದು, ಓರೆಯಾದ ಈಟಿಯನ್ನು ಸುಮ್ಮನೆ ತಾಳಿಕೊಂಡಿದೆ. ಈಟಿಯ ಬುಡ ನೆಲ ಮುಟ್ಟುವುದಿಲ್ಲ.

ಇಂಥ ಕಿಟ್‌ಗಳು ಉಕ್ಕಿನ ಅಚ್ಚಿನಿಂದ ಲಕ್ಷಗಟ್ಟಲೆ ಬರುವ ಪ್ಲಾಸ್ಟಿಕ್ ಮಾದರಿಗಳಲ್ಲ. ಜಪಾನಿನಲ್ಲಿ 1980ರ ದಶಕದಲ್ಲಿ ಗ್ಯಾರೇಜ್ ಕಿಟ್ ಎಂಬ ಹೆಸರಿನಲ್ಲಿ ಬೆಳೆದ ಪದ್ಧತಿಯಲ್ಲಿ, ಸಿಲಿಕೋನ್ ರಬ್ಬರಿನ ಅಚ್ಚಿಗೆ ಎರಡು ದ್ರವಗಳನ್ನು ಬೆರೆಸಿ ಕೈಯಿಂದಲೇ ಹೊಯ್ದು ತೆಗೆಯುತ್ತಾರೆ. ಒಂದು ಅಚ್ಚು ಚೆನ್ನಾಗಿ ಬಾಳುವುದು ಕೆಲವು ಡಜನ್ ಎರಕಗಳಿಗೆ ಮಾತ್ರ. ಆಮೇಲೆ ರಬ್ಬರಿನ ಅಂಚು ಹರಿಯುತ್ತದೆ, ಎರಡು ಅರ್ಧಗಳು ಸರಿಯಾಗಿ ಕೂರುವುದಿಲ್ಲ. ಈ ಕಿಟ್‌ನ ಗುರುತುಗಳನ್ನು ನೋಡಿದರೆ ಸವೆದ ಅಚ್ಚಿನಿಂದ, ಅವಸರದಲ್ಲಿ ತೆಗೆದದ್ದು ಎಂದು ಸ್ಪಷ್ಟವಾಗುತ್ತದೆ. ಹಾಗೆಂದು ಎಸೆಯುವ ವಸ್ತುವೂ ಅಲ್ಲ. ಮುಖ, ಕೂದಲು, ಎದೆಕವಚದ ಕೆತ್ತನೆ ಅಷ್ಟು ಚೆಂದ ಮೂಡಿವೆ.

ಮಾಡಬೇಕಾದದ್ದು ಎರಡು: ದೋಷ ತೆಗೆಯುವುದು, ನಿಲುವನ್ನು ಬದಲಿಸುವುದು. ಇವನ್ನು ಒಂದಾದ ಮೇಲೊಂದು ಎಂದು ಮಾಡಿದರೆ ಕೆಲಸ ಇಮ್ಮಡಿಯಾಗುತ್ತದೆ. ದೋಷವಿದ್ದ ಕಡೆ ಹೇಗೂ ಗರಗಸ ಇಡಬೇಕು, ಹೇಗೂ ಪುಟ್ಟಿ ತುಂಬಬೇಕು. ಆದ್ದರಿಂದ ಬದಲಾವಣೆ ಎಲ್ಲಿ ಎಂಬುದನ್ನು ದೋಷಗಳ ಪಟ್ಟಿಯೇ ತೀರ್ಮಾನಿಸಲಿ ಎಂಬ ಯೋಚನೆಯಿಂದ ಇಡೀ ಯೋಜನೆ ಹುಟ್ಟಿತು.

ಮೊದಲು ರೋಗ ಯಾವುದು ಎಂದು ತಿಳಿಯುವುದು

ಮೊದಲ ದಿನ ಯಾವ ಭಾಗಕ್ಕೂ ಅರ ತಾಗಿಸಲಿಲ್ಲ. ಪಕ್ಕದಿಂದ ಓರೆಯಾಗಿ ಬೀಳುವ ಒಂದೇ ದೀಪದ ಬೆಳಕಿನಲ್ಲಿ ಪ್ರತಿ ಭಾಗವನ್ನೂ ತಿರುಗಿಸಿ ನೋಡಿ, ಪೆನ್ಸಿಲ್‌ನಿಂದ ಗುರುತು ಹಾಕಿದ್ದಾಯಿತು. ಕಂಡದ್ದು ಇಷ್ಟು.

ಎಡತೊಡೆಯ ಉದ್ದಕ್ಕೂ 0.8 ಮಿ.ಮೀ. ಮೆಟ್ಟಿಲು. ಅಚ್ಚಿನ ಅರ್ಧಗಳು ಪಕ್ಕಕ್ಕೆ ಜರುಗಿದಾಗ ಹೀಗಾಗುತ್ತದೆ. ಹೊರಬದಿಯಲ್ಲಿ ಮುಂದಿನ ಅರ್ಧ ಉಬ್ಬಿದ್ದರೆ ಒಳಬದಿಯಲ್ಲಿ ಹಿಂದಿನ ಅರ್ಧ ಉಬ್ಬಿರುತ್ತದೆ. ಒಂದು ಬದಿ ನೋಡಿ ಇನ್ನೊಂದನ್ನು ಮರೆತರೆ ತೊಡೆ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪಗೆ ಉಳಿಯುತ್ತದೆ.

ಬಲಗೈಯ ಉಂಗುರ ಬೆರಳು, ಕಿರುಬೆರಳು ಇಲ್ಲವೇ ಇಲ್ಲ. ಅಚ್ಚಿನಲ್ಲಿ ಮೇಲ್ಮುಖವಾಗಿದ್ದ ತುದಿಗಳಲ್ಲಿ ಗಾಳಿ ಸಿಕ್ಕಿಕೊಂಡು ರೆಸಿನ್ ಅಲ್ಲಿಗೆ ತಲುಪಿಲ್ಲ.

ಬಲಪಾದದ ಕೀಲಿನ ಹಿಂಬದಿಯಲ್ಲಿ ಚರ್ಮದಷ್ಟು ತೆಳುವಾದ ಪೊರೆ. ಸೂಜಿ ಒತ್ತಿದರೆ ಒಳಗೆ 5 ಮಿ.ಮೀ. ಪೊಳ್ಳು. ಗೊಂಬೆಯ ಭಾರದ ಬಹುಪಾಲು ಬೀಳುವುದು ಇದೇ ಕಾಲಿನ ಮೇಲೆ.

ಎದೆಕವಚದ ಕೆಳಗೆ, ಹೊಟ್ಟೆಯ ನಯವಾದ ಭಾಗದಲ್ಲಿ, ಸಾಸಿವೆಗಿಂತ ಸಣ್ಣ ತೂತುಗಳ ಗುಂಪು. ಇದು ಬೆರಳಿನಲ್ಲಿ ಸಿಕ್ಕಿದ ಗಾಳಿಯಂಥದ್ದಲ್ಲ. ರೆಸಿನ್‌ನ ಐಸೊಸೈನೇಟ್ ಅಂಶಕ್ಕೆ ತೇವ ತಾಗಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆಯಾಗುತ್ತದೆ. ಸಿಕ್ಕಿಬಿದ್ದ ಗಾಳಿ ಸಾಮಾನ್ಯವಾಗಿ ಒಂಟಿ ದೊಡ್ಡ ಗುಳ್ಳೆ. ತೇವದ ಗುಳ್ಳೆಗಳು ಹಿಂಡು ಹಿಂಡಾಗಿ, ಆಳಕ್ಕೂ ಇಳಿದಿರುತ್ತವೆ. ಈ ವ್ಯತ್ಯಾಸ ತಿಳಿಯದೆ ಉಜ್ಜಲು ಹೊರಟರೆ, ಉಜ್ಜಿದಷ್ಟೂ ಹೊಸ ತೂತು ಬಾಯಿ ತೆರೆಯುತ್ತದೆ.

ಸೊಂಟದ ಕೀಲಿನಲ್ಲಿ 1.5 ಮಿ.ಮೀ. ಸಂದು. ಈಟಿಯ ಕೋಲು ಬಿಲ್ಲಿನಂತೆ ಬಾಗಿದೆ. ಹೊದಿಕೆಯ ಎಡತುಂಡು ಭುಜದಿಂದ 2 ಮಿ.ಮೀ. ದೂರ ನಿಂತಿದೆ, ಕೆಳ ಅಂಚು ಹೊರಕ್ಕೆ ಸೊಟ್ಟಗಿದೆ.

ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು: ಹೊದಿಕೆಯ ಬಲತುಂಡಿನ ಒಳಮೈಯಲ್ಲಿ ಮೂರು ಕಡೆ ಅಂಟಂಟು ಜಿಡ್ಡು. ತೊಳೆದು ಒರೆಸಿದರೂ ಮರುದಿನ ಮತ್ತೆ ಅಂಟುತ್ತಿತ್ತು.

ಜಿಡ್ಡಿನ ಪರೀಕ್ಷೆ

ಅಂಟು ಮೈಗೆ ಎರಡು ಕಾರಣ ಇರಬಹುದು, ಎರಡಕ್ಕೂ ಮದ್ದು ಬೇರೆ. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ದಪ್ಪ ಭಾಗದಲ್ಲಿ ಆ ಬಿಸಿ ಉಳಿದು ಬೇಗ ಗಟ್ಟಿಯಾಗುತ್ತದೆ, 1.5-2 ಮಿ.ಮೀ. ದಪ್ಪದ ಹೊದಿಕೆಯಲ್ಲಿ ಬಿಸಿ ನಿಲ್ಲದೆ, ತಣ್ಣನೆಯ ಕೋಣೆಯಲ್ಲಿ ಹೊಯ್ದಿದ್ದರೆ, ಅರೆಬರೆಯಾಗಿ ಉಳಿಯುತ್ತದೆ. ಇದಕ್ಕೆ ಬಿಸಿ ಕೊಟ್ಟರೆ ಸಾಕು. ಇನ್ನೊಂದು, ಎರಡು ದ್ರವಗಳ ಅಳತೆ ತಪ್ಪಿದ್ದು ಅಥವಾ ಪಾತ್ರೆಯ ಅಂಚಿನಲ್ಲಿದ್ದದ್ದು ಬೆರೆಯದೆ ಅಚ್ಚಿಗೆ ಇಳಿದದ್ದು. ಜೊತೆಗಾರ ದ್ರವವೇ ಸಿಗದ ಅಂಶ ಎಷ್ಟು ಕಾಯಿಸಿದರೂ ಗಟ್ಟಿಯಾಗದು.

ಯಾವುದು ಎಂದು ತಿಳಿಯಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಮುಚ್ಚಳವಿರುವ ಡಬ್ಬದಲ್ಲಿ 50-55 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 6 ಗಂಟೆ ಇಡಲಾಯಿತು. ಹೊದಿಕೆ ಬಾಗದಂತೆ ಒಳಗೆ ಮಡಿಸಿದ ಬಟ್ಟೆಯ ಆಸರೆ ಇತ್ತು. ಅಡುಗೆಗೆ ಬಳಸುವ ಒವನ್ ಇದಕ್ಕೆ ಬೇಡವೇ ಬೇಡ. ಪಾತ್ರೆ ಒಣಗಿಸುವ ಯಂತ್ರವೊಂದನ್ನು ಈ ಕೆಲಸಕ್ಕೆಂದೇ ಮೀಸಲಿಟ್ಟರೆ ಒಳ್ಳೆಯದು. ಆರಿದ ಮೇಲೆ ಟಿಶ್ಯೂ ಕಾಗದ ಸುತ್ತಿ, ಹಗುರವಾಗಿ ದಾರ ಕಟ್ಟಿ, ಒಂದು ರಾತ್ರಿ ಬಿಟ್ಟದ್ದಾಯಿತು.

ಬೆಳಿಗ್ಗೆ ಕಾಗದ ಬಿಡಿಸಿ ಬೆಳಕಿಗೆ ಹಿಡಿದಾಗ ಎರಡು ಜಾಗ ಶುದ್ಧವಾಗಿದ್ದವು. ಮೂರನೆಯದರಲ್ಲಿ, ಹೊದಿಕೆಯ ಕೆಳಮೂಲೆ ತಾಗಿದ್ದ ಕಡೆ, ಎಣ್ಣೆ ಹೀರಿದ ಕಾಗದದಂತೆ ನಾಣ್ಯದಗಲದ ಪಾರದರ್ಶಕ ಕಲೆ. ಮತ್ತೊಂದು 6 ಗಂಟೆ ಬಿಸಿ ಕೊಟ್ಟರೂ ಅದೇ ಕಲೆ. ಅಂದರೆ ಇದು ಬೆರೆಯದ ರೆಸಿನ್.

ಇಲ್ಲಿ ಬಹುಜನ ಮಾಡುವ ತಪ್ಪೆಂದರೆ ಮೇಲೆ ದಪ್ಪಗೆ ಪ್ರೈಮರ್ (ಬಣ್ಣಕ್ಕೆ ಮುನ್ನ ಬಳಿಯುವ ತಳಪದರ) ಅಥವಾ ಸೂಪರ್ ಗ್ಲೂ ಬಳಿದು ಮುಚ್ಚುವುದು. ಕೆಲವು ವಾರ ಎಲ್ಲ ಸರಿಯಾಗಿದೆ ಎನ್ನಿಸುತ್ತದೆ. ಆಮೇಲೆ ಒಳಗಿನ ಜಿಡ್ಡು ಬಣ್ಣದಡಿ ಹರಡಿ, ಪದರ ಮೆತ್ತಗಾಗಿ, ಬೆರಳು ತಾಗಿದರೆ ಜಾರುತ್ತದೆ. ಗಟ್ಟಿಯಾಗದ ರೆಸಿನ್ ಇರುವ ಭಾಗವನ್ನು ಉಳಿಸಿಕೊಂಡು ದುರಸ್ತಿ ಮಾಡುವುದು ಸಾಧ್ಯವಿಲ್ಲ ಎಂದೇ ಹೇಳಬೇಕು. ಕತ್ತರಿಸಲೇಬೇಕು.

ಹೊದಿಕೆಯ ಮೂಲೆ ಹೇಗೂ ಹೋಗುವುದರಿಂದ, ಅದನ್ನು ಮೂಲದಂತೆ ಮತ್ತೆ ಕಟ್ಟುವ ಬದಲು ಇಡೀ ಕೆಳ ಅಂಚನ್ನು ಯುದ್ಧದಲ್ಲಿ ಹರಿದ ಬಟ್ಟೆಯಂತೆ ಮಾಡುವುದೆಂದು ನಿರ್ಧಾರವಾಯಿತು. ಕೈಯ ವಿಷಯದಲ್ಲೂ ಹಾಗೆಯೇ: ಬೆರಳಿಲ್ಲದ ಅರೆತೆರೆದ ಕೈ ಈಟಿಯನ್ನು ಬಿಗಿಯಾಗಿ ಹಿಡಿದ ಮುಷ್ಟಿಯಾಗಲಿ, ಈಟಿ ನೆಟ್ಟಗೆ ಪೀಠಕ್ಕೆ ಊರಲಿ. ಬಾಗಿದ ಕೋಲಿನ ಜಾಗಕ್ಕೆ ಹಿತ್ತಾಳೆ ಕೊಳವೆ ಬರಲಿ. ಪೀಠದಿಂದ ಮುಷ್ಟಿಗೆ ಏರುವ ಲೋಹದ ಕೋಲು, ಪೊಳ್ಳು ಕೀಲಿನ ಬಲಗಾಲಿಗೆ ಪಕ್ಕದಲ್ಲೇ ಊರುಗೋಲಾಗುತ್ತದೆ. ಮೂರು ದೋಷಗಳಿಗೆ ಒಂದೇ ಬದಲಾವಣೆ ಉತ್ತರವಾದದ್ದು ಈ ಕೆಲಸದ ಅತಿ ತೃಪ್ತಿಯ ಸಂಗತಿ.

ತೊಳೆಯುವುದು, ನೆಟ್ಟಗೆ ಮಾಡುವುದು

ಅಚ್ಚಿನಿಂದ ಬಿಡಿಸಲು ಬಳಿಯುವ ಸಿಲಿಕೋನ್ ಎಣ್ಣೆ ಮೈಮೇಲಿದ್ದರೆ ಅಂಟೂ ಹಿಡಿಯದು, ಬಣ್ಣವೂ ನಿಲ್ಲದು. ಸುಮಾರು 40 ಡಿಗ್ರಿಯ ನೀರು, ಪಾತ್ರೆ ತೊಳೆಯುವ ಸೋಪು, ಮೆದು ಹಲ್ಲುಜ್ಜುವ ಬ್ರಷ್. ಒಂದೊಂದು ಭಾಗಕ್ಕೂ ಎರಡು ಸುತ್ತು. ನೀರು ಮಣಿಮಣಿಯಾಗಿ ಉರುಳದೆ ತೆಳುವಾಗಿ ಹರಡಿ ನಿಂತರೆ ಎಣ್ಣೆ ಹೋಗಿದೆ ಎಂದರ್ಥ. ಅಸಿಟೋನ್‌ನಲ್ಲಿ ನೆನೆಸಬಾರದು, ರೆಸಿನ್ ಮೆತ್ತಗಾಗುತ್ತದೆ.

ಸೊಟ್ಟ ತಿದ್ದುವ ಕೆಲಸ ಪುಟ್ಟಿ, ಅಂಟು ಯಾವುದೂ ತಾಗುವ ಮೊದಲೇ ಮುಗಿಯಬೇಕು. ಬಿಸಿನೀರಿನಲ್ಲಿ ಸೂಪರ್ ಗ್ಲೂ ಸಡಿಲವಾಗುತ್ತದೆ, ಬಾಗುವ ರೆಸಿನ್ ಮೇಲಿನ ಪುಟ್ಟಿ ಸಿಡಿದು ಬರುತ್ತದೆ. ಹೊದಿಕೆಯ ಎಡತುಂಡನ್ನು 70 ಡಿಗ್ರಿಯ ನೀರಿನಲ್ಲಿ 2 ನಿಮಿಷ ಮುಳುಗಿಸಿ, ಗವಸು ತೊಟ್ಟ ಕೈಯಲ್ಲಿ ತೆಗೆದು, ಎದೆಭಾಗದ ಮೇಲೇ ಒತ್ತಿ ಹಿಡಿದು, ಹಾಗೆಯೇ ತಣ್ಣೀರಿಗೆ ಇಳಿಸಲಾಯಿತು. ಅಚ್ಚಿನಿಂದ ಸರಿಯಾಗಿ ಹೊರಬಂದು ಆಮೇಲೆ ಪೆಟ್ಟಿಗೆಯಲ್ಲಿ ಬಾಗಿದ ಭಾಗಗಳು ಬಿಸಿ ತಾಗಿದೊಡನೆ ತಾವಾಗಿ ಮೂಲ ಆಕಾರಕ್ಕೆ ಮರಳುತ್ತವೆ. ಪೂರ್ತಿ ಗಟ್ಟಿಯಾಗುವ ಮುನ್ನವೇ ಅಚ್ಚಿನಿಂದ ಕಿತ್ತ ಭಾಗಗಳು ಹಾಗೆ ಮರಳುವುದಿಲ್ಲ, ಒತ್ತಾಯಿಸಬೇಕು. ಈ ತುಂಡು ಎರಡನೆಯ ಜಾತಿಯದು; ಮೂರು ಸಲ ಮಾಡಿದ ಮೇಲೆ ಭುಜದ ಸಂದು 2 ಮಿ.ಮೀ.ಯಿಂದ 0.5ಕ್ಕೆ ಇಳಿಯಿತು. ಪ್ರತಿ ಸಲವೂ ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚೇ ಬಗ್ಗಿಸಬೇಕು, ಏಕೆಂದರೆ ಕೈಬಿಟ್ಟೊಡನೆ ಅದು ಸ್ವಲ್ಪ ಹಿಂದಕ್ಕೆ ಬರುತ್ತದೆ.

ಬೆಳಕಿನಿಂದ ಗಟ್ಟಿಯಾಗುವ ರೆಸಿನ್‌ನ ತ್ರೀಡಿ ಪ್ರಿಂಟ್ ಭಾಗಗಳಿಗೆ ಈ ವಿಧಾನವನ್ನು ಕಣ್ಣುಮುಚ್ಚಿ ಅನ್ವಯಿಸಬಾರದು. ಅವು ಹೆಚ್ಚು ಪೆಡಸು, ಬಗ್ಗುವ ಬದಲು ಮುರಿಯುವುದೇ ಹೆಚ್ಚು.

ಕಾಲು, ಸೊಂಟ

ಬಲಗಾಲಿನ ಪೊಳ್ಳನ್ನು ಹೊರಗಿನಿಂದ ಪುಟ್ಟಿ ಮೆತ್ತಿ ಮುಚ್ಚಿದರೆ ಕಣ್ಣಿಗೆ ಚೆಂದ, ಬಲಕ್ಕೆ ಸೊನ್ನೆ. ಪಾಲಿಯುರೆಥೇನ್ ಘನ ಎರಕ ನೀರಿಗಿಂತ ತುಸು ಭಾರ. ಮೇಲ್ಭಾಗದ ಆ ತೂಕವನ್ನು ಕಿರಿದಾದ ಪಾದದ ಕೀಲು ಹೊರಬೇಕು. ಬೇಸಿಗೆಯ ಶಾಖದಲ್ಲಿ ರೆಸಿನ್ ತಿಂಗಳುಗಟ್ಟಲೆ ನಿಧಾನವಾಗಿ ಬಾಗುತ್ತದೆ, ಗೊಂಬೆ ವಾಲುತ್ತದೆ. ಅದಕ್ಕೆ ಒಳಗೆ ಲೋಹವೇ ಬೇಕು.

ಅಂಗಾಲಿನ ಮಧ್ಯದಿಂದ ಮೀನಖಂಡದೊಳಕ್ಕೆ ಮೊದಲು 1 ಮಿ.ಮೀ., ನಂತರ 2, ಕೊನೆಗೆ 3.1 ಮಿ.ಮೀ. ಬಿಟ್‌ನಿಂದ 45 ಮಿ.ಮೀ. ಆಳ ಕೊರೆಯಲಾಯಿತು. ಒಮ್ಮೆಗೇ ದಪ್ಪ ಬಿಟ್ ಇಟ್ಟರೆ ಅದು ಪೊಳ್ಳಿನ ಕಡೆಗೆ ಜಾರಿ ಪಕ್ಕದಿಂದ ಹೊರಬರುತ್ತದೆ. ಬಿಟ್ಟನ್ನು ಕೈಹಿಡಿಯಲ್ಲಿಟ್ಟು ಬೆರಳಿನಿಂದಲೇ ತಿರುಗಿಸಿದ್ದು. ಮೋಟಾರಿನ ವೇಗಕ್ಕೆ ರೆಸಿನ್ ಕರಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ಪೊರೆಯನ್ನು ಕಿತ್ತು, ಪೊಳ್ಳಿನ ಒಳಗೋಡೆಯನ್ನು ಗೀರಿ ಒರಟು ಮಾಡಿ, 60 ಮಿ.ಮೀ. ಉದ್ದದ 3 ಮಿ.ಮೀ. ಹಿತ್ತಾಳೆ ಸರಳನ್ನು ನಿಧಾನವಾಗಿ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿ ಅಂಟಿನಲ್ಲಿ ಕೂರಿಸಲಾಯಿತು. ಹೊರಗುಳಿದ 15 ಮಿ.ಮೀ. ಪೀಠಕ್ಕೆ ಇಳಿಯಲು. ಪೊಳ್ಳನ್ನೂ ಅದೇ ಅಂಟು ತುಂಬಿ, ಮರುದಿನ ಮೇಲಿನ 1 ಮಿ.ಮೀ. ಮಾತ್ರ ಎಪಾಕ್ಸಿ ಪುಟ್ಟಿಯಿಂದ ಮಟ್ಟ ಮಾಡಿದ್ದಾಯಿತು. ಎಡಗಾಲಿಗೆ 2 ಮಿ.ಮೀ. ಸರಳು ಸಾಕಾಯಿತು.

ಸೊಂಟದ ಸಂದಿಗೆ ನೇರವಾಗಿ ಪುಟ್ಟಿ ತುಂಬುವ ಮೊದಲು, ಅದು ಏಕೆ ಬಂತು ಎಂದು ನೋಡಬೇಕು. ಕೀಲಿನಲ್ಲಿ ಗುಳಿಗೆ ಕೂರುವ ಗೂಟದ ತುದಿಗೆ ಮಾರ್ಕರ್ ಬಳಿದು ಜೋಡಿಸಿ ತೆಗೆದಾಗ ಗುಳಿಯ ತಳದಲ್ಲಿ ಒಂದೇ ಚುಕ್ಕೆ ಬಿತ್ತು. ರೆಸಿನ್ ಹೊಯ್ದ ಬಾಯಿಯ ಉಳಿಕೆ ಗೂಟದ ತಲೆಯ ಮೇಲಿತ್ತು, ಅಷ್ಟೆ. ಅದನ್ನು ಹೆರೆದಾಗ ಸಂದು 0.4ಕ್ಕೆ ಇಳಿಯಿತು. ಉಳಿದದ್ದಕ್ಕೆ ಒಂದು ಮುಖಕ್ಕೆ ವ್ಯಾಸಲೀನ್ ತೆಳುವಾಗಿ ಸವರಿ, ಇನ್ನೊಂದಕ್ಕೆ ಪುಟ್ಟಿಯಿಟ್ಟು ಒತ್ತಿ, ಹೊರಬಂದದ್ದನ್ನು ಒದ್ದೆ ಚಾಕುವಿನಿಂದ ಕತ್ತರಿಸಿ ಬಿಟ್ಟರೆ, ಗಟ್ಟಿಯಾದ ಮೇಲೆ ಎರಡೂ ಭಾಗ ಬಿಡಿಬಿಡಿಯಾಗಿಯೇ ಉಳಿಯುತ್ತವೆ, ಕೂಡಿಸಿದರೆ ಕೂದಲೆಳೆಯಷ್ಟೂ ಸಂದು ಕಾಣದು. ಬಣ್ಣ ಮುಗಿಯುವವರೆಗೂ ಬಿಚ್ಚಿಡಬೇಕಾದ ಕೀಲುಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಮುಷ್ಟಿ

ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಸಮಯ ಹಿಡಿದದ್ದು 13 ಮಿ.ಮೀ. ಅಗಲದ ಈ ಕೈ. ಎಡಗೈಯ ಅಚ್ಚು ತೆಗೆದು ನಕಲು ಮಾಡಬಹುದಲ್ಲ ಎಂದು ಅನ್ನಿಸಬಹುದು. ಎರಕ ಕನ್ನಡಿಯ ಬಿಂಬ ಕೊಡುವುದಿಲ್ಲ. ಎಡಗೈಯ ಅಚ್ಚಿನಿಂದ ಎಡಗೈಯೇ ಹುಟ್ಟುತ್ತದೆ. ಕೆತ್ತುವುದೊಂದೇ ದಾರಿ.

ಹಿಡಿಯಬೇಕಾದದ್ದು 4 ಮಿ.ಮೀ. ಹೊರವ್ಯಾಸದ ಹಿತ್ತಾಳೆ ಕೊಳವೆ. ನಿಜ ಅಳತೆಗೆ ಹೋದರೆ 24 ಮಿ.ಮೀ. ಕೋಲು, ಈಟಿಗೆ ಒಪ್ಪುವ ದಪ್ಪ. ಗೋಡೆ 0.45 ಮಿ.ಮೀ. ಇರುವ ಕೊಳವೆಯಾದರೆ ಒಳಗೆ 3 ಮಿ.ಮೀ. ಸರಳು ಸರಾಗವಾಗಿ ಕೂರುತ್ತದೆ. ಈಟಿಯ ಮೊನೆಯನ್ನು ಆ ಸರಳಿನಿಂದಲೇ 12 ಮಿ.ಮೀ. ಆಳಕ್ಕೆ ಕೂಡಿಸಲಾಯಿತು, ಕೆಳತುದಿಯನ್ನು ಪೀಠಕ್ಕೆ.

ಇದ್ದ ತೋರುಬೆರಳು, ನಡುಬೆರಳುಗಳನ್ನು ಎಸೆಯಲಿಲ್ಲ. ಮೂಲ ಶಿಲ್ಪಿ ತೀಡಿದ ಉಗುರುಗಳು ಅವುಗಳಲ್ಲಿದ್ದವು. ಹೊಸ ಬೆರಳಿಗೆ ಅವೇ ಮಾದರಿ. ಬೆರಳಿನ ಪ್ರತಿ ಗೆಣ್ಣಿನ ಒಳಬದಿಯಲ್ಲಿ ತೆಳು ಗರಗಸದಿಂದ ಬೆಣೆಯಾಕಾರದ ಸೀಳು, ಹೊರಬದಿಯಲ್ಲಿ 0.3 ಮಿ.ಮೀ. ಬಿಟ್ಟು. ಬಿಸಿನೀರಿನಲ್ಲಿ 20 ಸೆಕೆಂಡ್ ಅದ್ದಿ ಮಡಿಸಿದರೆ ಸೀಳು ಮುಚ್ಚಿಕೊಳ್ಳುತ್ತದೆ, ಒಂದು ತೊಟ್ಟು ತೆಳು ಸೂಪರ್ ಗ್ಲೂ ಅದನ್ನು ಹಿಡಿಯುತ್ತದೆ. ಹೊರಗಿನ ಗೆಣ್ಣು ಮಡಿಸಿದಾಗ ಚಪ್ಪಟೆಯಾಗುವುದರಿಂದ ಆಮೇಲೆ ಅಲ್ಲಿ ಪುಟ್ಟಿಯ ಒಂದು ಚುಕ್ಕೆ ಬೇಕಾಗುತ್ತದೆ.

ಇಲ್ಲದ ಎರಡು ಬೆರಳಿಗೆ ಅಂಗೈಯ ಅಂಚಿನಲ್ಲಿ 0.6 ಮಿ.ಮೀ. ತೂತು, ಅದರಲ್ಲಿ 0.5 ಮಿ.ಮೀ. ತಾಮ್ರದ ತಂತಿ. ಹಿತ್ತಾಳೆ ತಂತಿ ಇಲ್ಲಿ ಬೇಡ, ಅದು ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆಯುತ್ತದೆ. ಕೊಳವೆಗೆ ವ್ಯಾಸಲೀನ್ ಸವರಿ, ತಂತಿಯನ್ನು ಅದರ ಸುತ್ತ ಮಡಿಸಿ, ತಂತಿಗೂ ಕೊಳವೆಗೂ ನಡುವೆ ಪುಟ್ಟಿಗೆ ಅರ್ಧ ಮಿ.ಮೀ. ಜಾಗ ಬಿಡಬೇಕು. ಪುಟ್ಟಿ ಮಿಲಿಪುಟ್, ಎರಡು ಭಾಗ ಸಮಸಮ, ಬಣ್ಣ ಒಂದೇ ಆಗುವವರೆಗೆ ಪೂರ್ತಿ ಐದು ನಿಮಿಷ ನಾದಬೇಕು. ಎಪಾಕ್ಸಿ ಪುಟ್ಟಿ ಚರ್ಮಕ್ಕೆ ಅಲರ್ಜಿ ತರಬಲ್ಲದ್ದರಿಂದ ನೈಟ್ರೈಲ್ ಗವಸು ಕಡ್ಡಾಯ.

ಬೆರೆಸಿದ ಕೂಡಲೇ ಪುಟ್ಟಿ ಉಪಕರಣಕ್ಕೇ ಅಂಟುತ್ತದೆ, ಗೊಂಬೆಗಲ್ಲ. 40 ನಿಮಿಷ ಬಿಟ್ಟರೆ ಹದ ಬರುತ್ತದೆ: ಸೂಜಿಯ ಗೀರು ಹಾಗೆಯೇ ನಿಲ್ಲುತ್ತದೆ, ಒದ್ದೆ ಬ್ರಷ್ ಸವರಿದರೆ ನಯವಾಗುತ್ತದೆ. ಆ ಹದದಲ್ಲಿ ಉಂಗುರ ಬೆರಳಿಗೆ 2.5 ಮಿ.ಮೀ., ಕಿರುಬೆರಳಿಗೆ 2.1 ಮಿ.ಮೀ. ದಪ್ಪದ ಎಳೆ ಹೊಸೆದು ತಂತಿಯ ಮೇಲೆ ಒತ್ತಲಾಯಿತು. ಮುಷ್ಟಿಯಲ್ಲಿ ಬೆರಳುಗಳು ಒಂದಕ್ಕೊಂದು ಒತ್ತಿ ಕೊಂಚ ಚೌಕವಾಗುತ್ತವೆ. ದುಂಡಗೆ ಬಿಟ್ಟರೆ ಸೇರಿಸಿಟ್ಟ ಕಡ್ಡಿಗಳಂತೆ ಕಾಣುತ್ತದೆ. ಬೆರಳಿನ ನಡುವಿನ ಗೆರೆಯನ್ನು ಸೂಜಿಯಿಂದ ಒಂದೇ ಎಳೆತದಲ್ಲಿ ಎಳೆಯಬೇಕು. ಉಗುರು, ಗೆಣ್ಣಿನ ಏರುತಗ್ಗು ಮರುದಿನ, ಮೊದಲ ಪದರ ಕಲ್ಲಿನಂತಾದ ಮೇಲೆ, ಹೊಸ ಚಾಕು ಅಲಗಿನಿಂದ.

ಮೊದಲ ಪ್ರಯತ್ನ ಕೆಟ್ಟಿತು. ಬೆರಳುಗಳು ಚೆನ್ನಾಗಿದ್ದವು, ಆದರೆ ಕೈಯನ್ನು ತೋಳಿಗೆ ಕೂಡಿಸಿ ಗೊಂಬೆಯನ್ನು ಪೀಠದ ಮೇಲೆ ನಿಲ್ಲಿಸಿದಾಗ ಈಟಿಯ ಬುಡ ಗುರುತಿನಿಂದ 6 ಮಿ.ಮೀ. ಆಚೆ ಬಿದ್ದಿತ್ತು. ಮುಷ್ಟಿಯನ್ನು ಬಿಡಿಯಾಗಿ ಮೇಜಿನ ಮೇಲೆ ಕಟ್ಟಿದ್ದೇ ಕಾರಣ. ಕೈಯಿಂದ ನೆಲಕ್ಕೆ ಸುಮಾರು 17 ಸೆಂ.ಮೀ.; ಕೈಯಲ್ಲಿ 2 ಡಿಗ್ರಿ ಓರೆಯಾದರೆ ಬುಡದಲ್ಲಿ 6 ಮಿ.ಮೀ. ಆಗಿಯೇ ತೀರುತ್ತದೆ. ಕೊಳವೆಯನ್ನು ಬಗ್ಗಿಸಿ ಸರಿಮಾಡುವ ಆಸೆಗೆ ಬೀಳದೆ ಮಣಿಕಟ್ಟಿನಲ್ಲೇ ಕತ್ತರಿಸಿ, 1.5 ಮಿ.ಮೀ. ಸರಳು ಹಾಕಿ, ಇಡೀ ಗೊಂಬೆಯನ್ನು ಪೀಠದ ಮೇಲೆ ಒಣಗೆ ಜೋಡಿಸಿ, ಈಟಿ ಪೀಠದ ತೂತಿನಲ್ಲಿ ನೆಟ್ಟಗೆ ನಿಂತಿರುವಾಗಲೇ ಮಣಿಕಟ್ಟಿನ ಸಂದಿಗೆ ಪುಟ್ಟಿ ತುಂಬಲಾಯಿತು. ಈ ಕ್ರಮವೇ ಮೊದಲಿನಿಂದ ಇರಬೇಕಿತ್ತು: ಪೀಠ ಮೊದಲು, ಈಟಿ ಆಮೇಲೆ, ಕೈ ಕೊನೆಗೆ.

ಹರಿದ ಹೊದಿಕೆ

ಜಿಡ್ಡಿನ ಕಲೆಯ ಅಂಚಿನಿಂದ ಇನ್ನೂ 5 ಮಿ.ಮೀ. ಆಚೆಗೆ ಗೆರೆ ಹಾಕಿ ಕತ್ತರಿಸಿ, ಕತ್ತರಿಸಿದ ಅಂಚಿಗೆ ಮತ್ತೊಮ್ಮೆ ಟಿಶ್ಯೂ ಪರೀಕ್ಷೆ ಮಾಡಿದ್ದಾಯಿತು. ಈ ಸಲ ಕಾಗದ ಶುದ್ಧ. ಉಳಿದ ಕೆಳ ಅಂಚಿನಲ್ಲಿ ಬಟ್ಟೆಯ ಮಡಿಕೆಗಳು ಹೊರಗೆ ಉಬ್ಬುವ ಜಾಗಗಳಲ್ಲಿ ಮಾತ್ರ ಸೀಳು. ಬಟ್ಟೆ ತಾಗಿ ಸವೆಯುವುದು ಅಲ್ಲೇ. ಸಮ ಅಂತರದಲ್ಲಿ ಸೀಳಿದರೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಒಳಮೈಯಿಂದ ಅಂಚನ್ನು 10 ಮಿ.ಮೀ. ಅಗಲಕ್ಕೆ ಹೆರೆದು 2ರಿಂದ 0.6 ಮಿ.ಮೀ.ಗೆ ಇಳಿಸಿದ್ದರಿಂದ ಎದುರಿನಿಂದ ನೋಡುವವರಿಗೆ ಇಡೀ ಹೊದಿಕೆ ತೆಳು ಎನ್ನಿಸುತ್ತದೆ. ಅದಕ್ಕಿಂತ ತೆಳುವಾದರೆ ಕೈ ತಾಗಿದೊಡನೆ ಚೂರಾಗುತ್ತದೆ.

ಉಜ್ಜುವಾಗ ರೆಸಿನ್ ಧೂಳು ಉಸಿರಿಗೆ ಹೋಗಬಾರದು. ಸ್ಯಾಂಡ್‌ಪೇಪರ್ ನೀರಿನಲ್ಲಿ ಅದ್ದಿ ಉಜ್ಜುವುದು, ಒಣಗೆ ಹೆರೆಯುವಾಗ ಎನ್95 ಮಟ್ಟದ ಮಾಸ್ಕ್, ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಮೇಜು ಒರೆಸುವುದು. ಇವನ್ನು ಬಿಟ್ಟು ಮಾಡುವ ಕೆಲಸ ಮಾಡದಿರುವುದೇ ಮೇಲು.

ಮೈ ನಯಮಾಡುವುದು

ಹೊಟ್ಟೆಯ ತೂತುಗಳನ್ನು ಒಂದೊಂದಾಗಿ ತುಂಬುವ ಯೋಚನೆಯನ್ನೇ ಮಾಡಲಿಲ್ಲ. ಗುಂಪು ಇದ್ದ ಜಾಗವನ್ನು 1.5 ಮಿ.ಮೀ. ಆಳಕ್ಕೆ ಪೂರ್ತಿ ಕೆರೆದು ತೆಗೆದು, ಎಪಾಕ್ಸಿ ಪುಟ್ಟಿಯಿಂದ ಹೊಸದಾಗಿ ಕಟ್ಟಲಾಯಿತು. ಬೇರೆ ಕಡೆಯ ಒಂಟಿ ತೂತುಗಳನ್ನು 0.5 ಮಿ.ಮೀ. ಬಿಟ್‌ನಿಂದ ಅಗಲಿಸಿ, ಸೂಪರ್ ಗ್ಲೂ ಜೊತೆ ಟಾಲ್ಕಂ ಪೌಡರ್ ಬೆರೆಸಿ ತುಂಬಿದ್ದು. ಅಗಲಿಸದಿದ್ದರೆ ತೂತಿನ ಬಾಯಿ ಮಾತ್ರ ಮುಚ್ಚಿ ಒಳಗೆ ಗಾಳಿ ಉಳಿಯುತ್ತದೆ, ಮುಂದಿನ ಉಜ್ಜುವಿಕೆಗೆ ಮತ್ತೆ ತೆರೆಯುತ್ತದೆ. ಅಡುಗೆ ಸೋಡಾ ಬೆರೆಸುವವರೂ ಇದ್ದಾರೆ. ಅದು ಕ್ಷಣದಲ್ಲಿ ಕಲ್ಲಾಗಿ ಸುತ್ತಲಿನ ರೆಸಿನ್‌ಗಿಂತ ಗಟ್ಟಿಯಾಗುವುದರಿಂದ, ಉಜ್ಜಿದಾಗ ರೆಸಿನ್ ಸವೆದು ತೇಪೆ ಗುಬ್ಬಿಯಂತೆ ಉಳಿಯುತ್ತದೆ.

ಎಡತೊಡೆಯ ಮೆಟ್ಟಿಲಿಗೆ ಅರ್ಧ ಕೆರೆ, ಅರ್ಧ ತುಂಬು ಎಂಬ ಲೆಕ್ಕ: ಉಬ್ಬಿದ ಕಡೆ 0.4 ಮಿ.ಮೀ. ಅರದಿಂದ ಇಳಿಸಿ, ತಗ್ಗಿದ ಕಡೆ 0.4 ಮಿ.ಮೀ. ಏರಿಸಿ, ಆ ಏರಿಕೆಯನ್ನು 8-10 ಮಿ.ಮೀ. ದೂರಕ್ಕೆ ಹರಡಿ ಕರಗಿಸಬೇಕು. ಇಲ್ಲಿ ಅವಸರ ಒಂದು ಎಡವಟ್ಟು ಮಾಡಿತು. ತಗ್ಗನ್ನು ಎಪಾಕ್ಸಿ ಪುಟ್ಟಿಯ ಬದಲು ಮಿಸ್ಟರ್ ಸರ್ಫೇಸರ್ 500 ಎಂಬ ದ್ರವ ಪುಟ್ಟಿಯನ್ನು ದಪ್ಪಗೆ ಬಳಿದು ತುಂಬಲಾಗಿತ್ತು. ಮರುದಿನ ಉಜ್ಜಿದಾಗ ಮಟ್ಟವಾಗಿತ್ತು. ಐದು ದಿನದ ಮೇಲೆ ಪ್ರೈಮರ್ ಅಡಿಯಿಂದ ಗೆರೆ ಮತ್ತೆ ಮೇಲೆದ್ದಿತು. ದ್ರಾವಕ ಆರುತ್ತಾ ಹೋದಂತೆ ಅದು ಕುಗ್ಗುತ್ತಲೇ ಇರುತ್ತದೆ. ಗೀರಿಗೆ ಅದು ಸರಿ, ತಗ್ಗಿಗೆ ಅಲ್ಲ. ಕೆರೆದು ತೆಗೆದು ಪುಟ್ಟಿಯಿಂದಲೇ ಮತ್ತೆ ಮಾಡಬೇಕಾಯಿತು. ತೊಡೆಪಟ್ಟಿಯ ಕೆತ್ತನೆ ಗೆರೆ ದಾಟುವಲ್ಲಿ ತುಂಡಾಗಿತ್ತು. ಅದನ್ನು ಪುಟ್ಟಿ ಹಸಿಯಿರುವಾಗಲೇ ಎಳೆದು ಕೂಡಿಸಲಾಯಿತು.

ಸ್ಯಾಂಡ್‌ಪೇಪರ್ 320, 400, 600, ಮುಖಕ್ಕೆ 1000. 240ರಿಂದ ಶುರುಮಾಡಿದರೆ ಅದರ ಗೀರು ತೆಗೆಯಲು ಮತ್ತೊಂದು ಸುತ್ತು ಬೇಕು.

ಬಣ್ಣ

ಬಿಳಿ ರೆಸಿನ್ ಮೈಯ ಮೇಲೆ ನೇರವಾಗಿ ಪಾರದರ್ಶಕ ಬಣ್ಣ ಸಿಂಪಡಿಸಿ, ಚರ್ಮದೊಳಗಿಂದ ಬೆಳಕು ಬಂದಂತೆ ಕಾಣಿಸುವ ಸುಂದರ ವಿಧಾನವೊಂದಿದೆ. ಇಷ್ಟು ಕಡೆ ಪುಟ್ಟಿ ಬಿದ್ದ ಮೈಗೆ ಅದು ಹೊಂದದು, ಪ್ರತಿ ತೇಪೆಯೂ ಬೇರೆ ಬಣ್ಣದಲ್ಲಿ ಕಾಣುತ್ತದೆ. ಹಾಗಾಗಿ ಬೂದು ಪ್ರೈಮರ್, ಅದರ ಮೇಲೆ ಚರ್ಮವಿರುವ ಕಡೆ ಬಿಳಿ. ಬೂದು ಮೂರು ಸಲ ಹೊಡೆದು, ಪ್ರತಿ ಸಲ ಓರೆ ಬೆಳಕಿನಲ್ಲಿ ಪರೀಕ್ಷಿಸಿ, ತಿದ್ದಿ, ಮತ್ತೆ ಹೊಡೆಯಲಾಯಿತು. ಹಿತ್ತಾಳೆ ಕೊಳವೆಗೆ ಮೊದಲು ಲೋಹದ ಪ್ರೈಮರ್. ಇಲ್ಲದಿದ್ದರೆ ಮುಷ್ಟಿಯೊಳಗೆ ತೂರಿಸುವಾಗಲೇ ಬಣ್ಣ ಸುಲಿದು ಬರುತ್ತದೆ. ಮುಷ್ಟಿಯೊಳಗಿನ ವ್ಯಾಸಲೀನ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಪೂರ್ತಿ ಹೋಗಬೇಕು.

ಚರ್ಮಕ್ಕೆ ಲ್ಯಾಕರ್ ಬಣ್ಣ, ಬಣ್ಣ ಒಂದು ಪಾಲಿಗೆ ಥಿನ್ನರ್ ಎರಡು ಪಾಲು, 0.3 ಮಿ.ಮೀ. ಏರ್‌ಬ್ರಷ್, ಒತ್ತಡ 12-15 ಪಿಎಸ್‌ಐ. ಮೊದಲು ಮಡಿಕೆ, ಕಂಕುಳ, ಮೊಣಕೈ ಒಳಬದಿಯಲ್ಲಿ ಕಿತ್ತಳೆ ಕಂದು ನೆರಳು. ನಂತರ ಮೇಲಿಂದ ತೆಳು ಚರ್ಮದ ಬಣ್ಣ ಪದರ ಪದರವಾಗಿ. ಕೆನ್ನೆ, ಬೆರಳ ಗೆಣ್ಣು, ಮೊಣಕಾಲಿಗೆ ನಸುಗೆಂಪು. ಹೊಸದಾಗಿ ಕಟ್ಟಿದ ಎರಡು ಬೆರಳೂ ಹಳೆಯ ಎರಡೂ ಒಂದೇ ಕೈಯವು ಎನ್ನಿಸುವಂತೆ ಮಾಡಿದ್ದು ಕೆತ್ತನೆಗಿಂತ ಈ ನಸುಗೆಂಪೇ. ಲ್ಯಾಕರ್ ಸಿಂಪಡಿಸುವಾಗ ಧೂಳಿನ ಮಾಸ್ಕ್ ಉಪಯೋಗಕ್ಕೆ ಬಾರದು, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಗಾಳಿ ಹೊರಹೋಗುವ ದಾರಿಯೂ ಬೇಕು.

ಕಣ್ಣು ಬರೆಯುವ ಮುನ್ನ ಮುಖಕ್ಕೆ ಲ್ಯಾಕರ್ ಕ್ಲಿಯರ್ (ಬಣ್ಣವಿಲ್ಲದ ಲೇಪ) ಒಂದು ಪದರ, ಅದು ಒಂದು ದಿನ ಆರಿದ ಮೇಲೆ ಇನಾಮಲ್ ಬಣ್ಣದಲ್ಲಿ ರೇಖೆ. ಇನಾಮಲ್ ಥಿನ್ನರ್ ಗಟ್ಟಿಯಾದ ಲ್ಯಾಕರ್ ಪದರವನ್ನು ಕರಗಿಸದು. ರೆಪ್ಪೆಯ ಗೆರೆ ಹತ್ತು ಸಲ ತಪ್ಪಿದರೂ ಹತ್ತು ಸಲ ಒರೆಸಿ ಬರೆಯಬಹುದು, ಕೆಳಗಿನ ಚರ್ಮ ಹಾಗೆಯೇ ಇರುತ್ತದೆ. ಪದರಗಳ ಕ್ರಮ ತಿರುಗುಮುರುಗಾದರೆ ಮುಖವೇ ಹೋಗುತ್ತದೆ. ಹೊದಿಕೆಗೆ ನೀಲಿ, ಹರಿದ ಅಂಚಿಗೆ ಮಾಸಿದ ಬೂದುಕಂದು. ಕೊನೆಗೆ ಬಟ್ಟೆಗೆ ಮ್ಯಾಟ್, ಚರ್ಮಕ್ಕೆ ಅರೆಹೊಳಪು, ಕಣ್ಣಿಗೆ ಮಾತ್ರ ಹೊಳಪು.

ಜೋಡಣೆ, ಆರು ವಾರದ ಮೇಲೆ

ಕೀಲಿನ ಮುಖಗಳಿಂದ ಬಣ್ಣ ಕೆರೆದು ಎಪಾಕ್ಸಿ ಅಂಟಿನಿಂದ ಜೋಡಿಸಲಾಯಿತು. ಬಣ್ಣದ ಮೇಲೆ ಹಾಕಿದ ಅಂಟು ಬಣ್ಣವನ್ನು ಹಿಡಿಯುತ್ತದೆಯೇ ಹೊರತು ರೆಸಿನ್‌ನ್ನಲ್ಲ. ಸೂಪರ್ ಗ್ಲೂ ಬಳಸಿದ್ದರೆ ಅದರ ಆವಿಗೆ ಕಡುನೀಲಿ ಹೊದಿಕೆಯ ಮೇಲೆ ಬಿಳಿ ಮಂಜು ಕೂರುತ್ತಿತ್ತು. ಈಟಿ ಕೊನೆಯಲ್ಲಿ ಮೇಲಿನಿಂದ ಮುಷ್ಟಿಯೊಳಗೆ ಇಳಿದು ಪೀಠದ ಸರಳಿನ ಮೇಲೆ ಕೂತಿತು. ಮುಷ್ಟಿಗೆ ಅಂಟು ಹಾಕಿಲ್ಲ, ಸಾಗಿಸುವಾಗ ಈಟಿ ಬಿಚ್ಚಬಹುದು.

ಆ ದಿನವೇ ಎಡಭುಜದ ತುದಿಯಿಂದ ಪೀಠಕ್ಕೆ ತೂಕದ ದಾರ ಇಳಿಬಿಟ್ಟು ಅದು ಮುಟ್ಟಿದ ಜಾಗಕ್ಕೆ ಪೀಠದ ಮೇಲೆ ಎದ್ದು ಕಾಣದಂತೆ ಗುರುತು ಹಾಕಲಾಗಿತ್ತು. ಆರು ವಾರದ ಮೇಲೆ ದಾರ ಅದೇ ಗುರುತಿಗೆ ಬಿತ್ತು. ಹೊದಿಕೆಯ ಕತ್ತರಿಸಿದ ಅಂಚು ಒಣಗಿತ್ತು, ಬೆರಳಿಗೆ ಏನೂ ಅಂಟಲಿಲ್ಲ. ಹೊದಿಕೆಯ ಎಡತುಂಡು ಭುಜಕ್ಕೆ ಕೂಡುವಲ್ಲಿ ಮಾತ್ರ 4 ಮಿ.ಮೀ. ಉದ್ದದ ಕೂದಲೆಳೆ ಬಿರುಕು ಕಂಡಿತು. ಬಿಸಿನೀರಿನಲ್ಲಿ ಒತ್ತಾಯಿಸಿ ತಿದ್ದಿದ್ದ ತುಂಡು ಅದು, ಅರ್ಧ ಮಿ.ಮೀ. ಸಂದನ್ನು ಅಂಟಿನ ಎಳೆತಕ್ಕೆ ಬಿಟ್ಟದ್ದರಿಂದ ಹಳೆಯ ಸೊಟ್ಟ ಹಿಂದಕ್ಕೆ ಎಳೆದಿದೆ. ಒಳಬದಿಯಿಂದ ಕಾಣದ ಜಾಗದಲ್ಲಿ 1 ಮಿ.ಮೀ. ಸರಳನ್ನು ಓರೆಯಾಗಿ ಹೊದಿಕೆಯ ಮೂಲಕ ಭುಜಕ್ಕೆ ಇಳಿಸಿ, ಎಪಾಕ್ಸಿ ಹಾಕಿ, ಬಿರುಕಿಗೆ ಅದೇ ನೀಲಿಯನ್ನು ಕುಂಚದ ತುದಿಯಿಂದ ತಾಗಿಸಿ ಮುಗಿಸಲಾಯಿತು.